‘ನಮ್ಮಿಂದಾಗದು’ ಎಂಬ ಮಾತಿಗೂ ಪರೀಕ್ಷೆ ಬೇಕು

ಬೇಸಾಯ ಲಾಭದಾಯಕವಾಗಬೇಕಾದರೆ ಉತ್ತಮ ಬೀಜ, ಸಾಕಷ್ಟು ಗೊಬ್ಬರ, ನೀರು ಮತ್ತು ಸಕಾಲದಲ್ಲಿ ಸಸ್ಯ ಸಂರಕ್ಷಣೆ ಬೇಕೆಂಬುದು ಎಲ್ಲ ರೈತ ಬಾಂಧವರಿಗೂ ತಿಳಿದ ವಿಷಯ. ಆದರೂ ಒಂದೇ ಊರಿನಲ್ಲಿ, ಒಂದೇ ಬಗೆಯ ಭೂಮಿ ಇರುವ ಇಬ್ಬರು ರೈತರಲ್ಲಿ ಒಬ್ಬರು ಮುಂದೆ ಬರುತ್ತಾರೆ, ಇನ್ನೊಬ್ಬರು ಇದ್ದಲ್ಲಿಯೇ ಉಳಿಯುತ್ತಾರೆ. ಬಂಡವಾಳ, ಆಳುಗಳ ಅನುಕೂಲ, ಮನೆಯ ತಾಪತ್ರಯ ಇವು ಅದಕ್ಕೆ ಕಾರಣವಾಗಿರಬಹುದು. ಇವೆಲ್ಲವೂ ಸಮವಾಗಿದ್ದಾಗಲೂ ವ್ಯತ್ಯಾಸ ಕಂಡುಬಂದರೆ ಇನ್ನೊಂದು ಕಾರಣವನ್ನು ಹುಡುಕಬೇಕಾಗುತ್ತದೆ. ‘ಇದು ನಮ್ಮಿಂದಾಗದು’ ಎಂದು ರೈತನು ತನ್ನ ಬಗ್ಗೆಯೇ ಮಾಡಿಕೊಂಡಿರುವ ತೀರ್ಮಾನವೇ ಆ ಕಾರಣ.

ಬಂಟ್ವಾಳ ತಾಲೂಕಿನ ನರಿಕೊಂಬು ಮತ್ತು ಅದರ ಸುತ್ತಲಿನ ಗ್ರಾಮಗಳನ್ನು ತೆಗೆದುಕೊಂಡರೆ, ಒಂದು ಕಡೆ ನೇತ್ರಾವತಿ ನದಿ, ಇನ್ನೊಂದು ಕಡೆ ಮುರಕಲ್ಲಿನ ಗುಡ್ಡ, ನಡುವೆ ಬೈಲು, ಮಜಲು, ಬೆಟ್ಟು ಗದ್ದೆಗಳು ಮತ್ತು ಅಡಿಕೆ ತೋಟಗಳು. ತುಳು ಮಾತನಾಡುವ ಈ ಭಾಗದಲ್ಲಿ ಹೊಸ ಸಲಹೆ ಬಂದಾಗ ಅನೇಕರ ಬಾಯಿಂದ ಮೊದಲು ಹೊರಡುವ ಮಾತು ‘ಆಪುಜಿ’, ಎಂದರೆ ‘ಆಗದು’. ಈ ಮಾತು ಕೆಲವೊಮ್ಮೆ ಅನುಭವದ ಮಾತು, ಕೆಲವೊಮ್ಮೆ ಬರಿಯ ಅಳುಕು. ಇವೆರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಎರಡು ಬಗೆಯ ‘ಆಗದು’

ಬೀಜ ಸತ್ತಿದೆಯೋ ಬದುಕಿದೆಯೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. 100 ಬೀಜಗಳನ್ನು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಭತ್ತದಲ್ಲಿ 80ಕ್ಕೆ ಕಡಿಮೆಯಿಲ್ಲದಷ್ಟು ಮೊಳೆತರೆ ಬೀಜ ಬಿತ್ತನೆಗೆ ಯೋಗ್ಯ. ಪರೀಕ್ಷೆ ಮಾಡದೆ ಬೀಜವನ್ನು ಹೊರಗೆ ಸುರಿಯುವ ರೈತನಿಲ್ಲ. ಆದರೆ ತನ್ನ ಕೈಯಿಂದ ಏನಾದೀತು, ಏನಾಗದು ಎಂಬ ವಿಷಯದಲ್ಲಿ ಅದೇ ರೈತನು ಪರೀಕ್ಷೆಯಿಲ್ಲದೆ ತೀರ್ಮಾನಕ್ಕೆ ಬಂದುಬಿಡುತ್ತಾನೆ.

ನಿಜವಾದ ಮಿತಿಗಳು ಇಲ್ಲವೆಂದಲ್ಲ. ಸುಳ್ಯ ತಾಲೂಕಿನ ಅಡಿಕೆ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇಲ್ಲ. ರೈತನ ಆತ್ಮವಿಶ್ವಾಸದಿಂದ ಆ ರೋಗ ವಾಸಿಯಾಗುವುದಿಲ್ಲ. 50 ಸೆಂಟ್ಸ್ ಭೂಮಿಯವನು 5 ಎಕರೆಯ ಆದಾಯ ತೆಗೆಯಲಾರ. ಇಂತಹ ಮಿತಿಯನ್ನು ಅರಿತು ನಡೆಯುವುದು ವಿವೇಕ. ಆದರೆ ‘ನಮ್ಮ ಗುಡ್ಡದಲ್ಲಿ ನೀರಿಲ್ಲ’, ‘ಯಂತ್ರ ನಮ್ಮ ಗದ್ದೆಗೆ ಹೊಂದದು’, ‘ಓದಿಲ್ಲದವರಿಗೆ ಲೆಕ್ಕ ಇಡಲು ಬಾರದು’, ‘ಹೆಂಗಸರಿಂದ ಈ ಕೆಲಸ ಆಗದು’ ಎಂಬ ಮಾತುಗಳು ಬೇರೆ ಬಗೆಯವು. ಇವುಗಳನ್ನು ಹೇಳಿದವರಲ್ಲಿ ಪರೀಕ್ಷಿಸಿ ನೋಡಿದವರು ಬಹಳ ಕಡಿಮೆ.

ಅಳುಕು ಬೇರೂರುವ ಬಗೆ

ಇಂತಹ ಅಳುಕು ಸೋಮಾರಿತನವಲ್ಲ. ಒಂದು ವರ್ಷ ಕೊಳೆರೋಗ, ಮರುವರ್ಷ ಬೆಲೆ ಕುಸಿತ, ಅದರಾಚೆಯ ವರ್ಷ ನೆರೆ ಎಂದು ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ, ‘ನಾವು ಏನು ಮಾಡಿದರೂ ಅಷ್ಟೆ’ ಎಂಬ ಭಾವನೆ ಯಾರಲ್ಲಿಯಾದರೂ ಹುಟ್ಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೆಲಿಗ್‌ಮನ್ ಮತ್ತು ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧವಾಗಿವೆ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾಗಿದ್ದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಪ್ರಯತ್ನಿಸದೆ ಸುಮ್ಮನೆ ಮಲಗಿದವು. ಇದನ್ನು ‘ಕಲಿತ ನಿಸ್ಸಹಾಯಕತೆ’ ಎಂದು ಕರೆದರು.

ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ಮಿದುಳಿನ ಮೇಲಿನ ಹೊಸ ಸಂಶೋಧನೆಗಳ ಆಧಾರದಿಂದ ತಮ್ಮ ವಿವರಣೆಯನ್ನು ತಿದ್ದಿಕೊಂಡರು. ದೀರ್ಘಕಾಲ ಪೆಟ್ಟು ಬಿದ್ದಾಗ ಕೈಚೆಲ್ಲಿ ಕೂರುವುದು ಜೀವಿಯ ಸಹಜ ಗುಣ, ಅದನ್ನು ಯಾರೂ ಕಲಿಯಬೇಕಾಗಿಲ್ಲ. ‘ನನ್ನ ಪ್ರಯತ್ನದಿಂದ ಪರಿಸ್ಥಿತಿ ಬದಲಾಗುತ್ತದೆ’ ಎಂಬುದನ್ನೇ ಕಲಿಯಬೇಕು ಎಂಬುದು ಅವರ ಹೊಸ ಅಭಿಪ್ರಾಯ. ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಇದು ಬಹಳ ಉಪಯುಕ್ತವಾದ ಮಾತು. ಧೈರ್ಯ ತಂದುಕೊಳ್ಳಿ ಎಂದು ಭಾಷಣ ಮಾಡುವುದರಿಂದ ಅಳುಕು ಹೋಗುವುದಿಲ್ಲ. ತನ್ನ ಕೈಯಿಂದಲೇ ಒಂದು ಚಿಕ್ಕ ಕೆಲಸ ಯಶಸ್ವಿಯಾದುದನ್ನು ಕಣ್ಣಾರೆ ಕಂಡಾಗ ಅದು ಸಡಿಲವಾಗತೊಡಗುತ್ತದೆ.

ಕೇಪು ಗ್ರಾಮದ ಒಣಗುಡ್ಡ

ಈ ಮಾತಿಗೆ ಬಂಟ್ವಾಳ ತಾಲೂಕಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ವಿಟ್ಲದಾಚೆ, ಕೇರಳದ ಗಡಿಗೆ ಹತ್ತಿರವಿರುವ ಅಡ್ಯನಡ್ಕದ ಬಳಿಯ ಕೇಪು ಗ್ರಾಮದ ಶ್ರೀ ಅಮೈ ಮಹಾಲಿಂಗ ನಾಯ್ಕರು ಇತರರ ತೋಟಗಳಲ್ಲಿ ಕೂಲಿ ಮಾಡುತ್ತ, ಅಡಿಕೆ ಮತ್ತು ತೆಂಗಿನ ಮರ ಏರುತ್ತ ಜೀವನ ಸಾಗಿಸುತ್ತಿದ್ದವರು. 1978ರ ಸುಮಾರಿಗೆ ತೋಟದ ಯಜಮಾನರೊಬ್ಬರು ಅವರಿಗೆ 2 ಎಕರೆ ಗುಡ್ಡದ ಜಾಗ ಕೊಟ್ಟರು. ಅದು ನೀರಿಲ್ಲದ ಬೋಳು ಇಳಿಜಾರು.

ನಾಯ್ಕರು ಆರಿಸಿಕೊಂಡ ದಾರಿ ಸುರಂಗ. ದಕ್ಷಿಣ ಕನ್ನಡದ ದಕ್ಷಿಣ ಭಾಗ ಮತ್ತು ಕಾಸರಗೋಡಿನಲ್ಲಿ ಹಿಂದಿನಿಂದಲೂ ಇರುವ ನೀರಿನ ವ್ಯವಸ್ಥೆ ಇದು. ಮುರಕಲ್ಲಿನ ಗುಡ್ಡದ ಬದಿಯಿಂದ ಒಬ್ಬನು ನಿಂತು ಪಿಕ್ಕಾಸು ಬೀಸುವಷ್ಟು ಜಾಗ ಮಾಡಿಕೊಂಡು ಅಡ್ಡಲಾಗಿ ಒಳಗೆ ಅಗೆಯುತ್ತ ಹೋಗುತ್ತಾರೆ. ಒರತೆ ಸಿಕ್ಕಿದರೆ ಪಂಪು, ವಿದ್ಯುತ್ತು ಯಾವುದೂ ಬೇಡದೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ.

ಬೆಳಗಿನ ಹೊತ್ತು ಕೂಲಿ ಕೆಲಸ, ಅದು ಮುಗಿದ ಮೇಲೆ ತಮ್ಮ ಗುಡ್ಡದಲ್ಲಿ ಅಗೆತ, ಹೀಗೆ ಅವರ ದುಡಿಮೆ ಸಾಗಿತು. ಮೊದಲು ಅಗೆದ ನಾಲ್ಕೈದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಒಂದೊಂದಕ್ಕೂ ತಿಂಗಳುಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಯಿತು. ಆದರೂ ಜಾಗ ಬದಲಿಸಿ ಅಗೆಯುತ್ತಲೇ ಹೋದ ಅವರಿಗೆ ಕೊನೆಗೆ ಒರತೆ ದೊರೆಯಿತು. ಆ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ, ಇಳಿಜಾರಿನ ಒತ್ತಡದಿಂದಲೇ ತೋಟಕ್ಕೆ ಹಾಯಿಸಿದರು. ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟು ಮಾಡಿದರು. ಇಂಗುಗುಂಡಿಗಳನ್ನು ತೋಡಿದರು. ಬೋಳು ಗುಡ್ಡದಲ್ಲಿ ಸುಮಾರು 300 ಅಡಿಕೆ ಮರಗಳು, ತೆಂಗು, ಬಾಳೆ, ಗೇರು ಮತ್ತು ಕರಿಮೆಣಸು ಬೆಳೆದು ನಿಂತವು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಇದರಲ್ಲಿ ಗಮನಿಸಬೇಕಾದ ಅಂಶಗಳು ಮೂರು.

ಮೊದಲನೆಯದು, ‘ಗುಡ್ಡದಲ್ಲಿ ನೀರಿಲ್ಲ’ ಎಂಬುದು ನೋಟಕ್ಕೆ ಕಂಡ ಮಾತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಈ ಲೆಕ್ಕದಲ್ಲಿ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 1.6 ಕೋಟಿ ಲೀಟರ್. ಎರಡು ಎಕರೆಗೆ 3 ಕೋಟಿಗೂ ಹೆಚ್ಚು. ಇದರಲ್ಲಿ ಬಹುಭಾಗ ಹರಿದು ಹೋಗುತ್ತದೆ, ಒಂದಷ್ಟು ಆವಿಯಾಗುತ್ತದೆ ಎಂಬುದು ನಿಜ. ಆದರೂ ಏಪ್ರಿಲ್ ತಿಂಗಳಿನಲ್ಲಿ ಒಣಗಿ ಕಾಣುವ ಗುಡ್ಡಕ್ಕೆ ನೀರೇ ಬಂದಿಲ್ಲ ಎನ್ನುವಂತಿಲ್ಲ. ಬಂದ ನೀರು ಎಲ್ಲಿ ನಿಂತಿದೆ, ಎಷ್ಟನ್ನು ನಿಲ್ಲಿಸಬಹುದು ಎಂದು ಕೇಳಬೇಕು.

ಎರಡನೆಯದು, ವಿಫಲವಾದ ಸುರಂಗವನ್ನು ಅವರು ‘ಇಲ್ಲಿ ನೀರಿಲ್ಲ’ ಎಂದು ಓದಿಕೊಂಡರು, ‘ನನ್ನಿಂದಾಗದು’ ಎಂದು ಓದಿಕೊಳ್ಳಲಿಲ್ಲ. ಸೋಲನ್ನು ಜಾಗಕ್ಕೋ ಕ್ರಮಕ್ಕೋ ಸೇರಿಸಿದರೆ ಮುಂದಿನ ಪ್ರಯತ್ನಕ್ಕೆ ದಾರಿ ಉಳಿಯುತ್ತದೆ. ತನ್ನ ಯೋಗ್ಯತೆಗೆ ಸೇರಿಸಿಕೊಂಡರೆ ದಾರಿ ಮುಚ್ಚುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅವರು ಕೂಲಿ ಕೆಲಸವನ್ನು ಬಿಟ್ಟು ಸುರಂಗ ಅಗೆಯಲಿಲ್ಲ. ಬೆಳಗಿನ ದುಡಿಮೆಯಿಂದ ಮನೆಯ ಒಲೆ ಉರಿಯುತ್ತಿತ್ತು. ಸುರಂಗಕ್ಕೆ ಹಾಕಿದ್ದು ಸ್ವಂತ ಶ್ರಮ. ಆದುದರಿಂದ ಒಂದು ಸುರಂಗ ವಿಫಲವಾದಾಗ ಶ್ರಮ ಹೋಯಿತೇ ಹೊರತು ಮನೆ ಮುಳುಗಲಿಲ್ಲ, ಮತ್ತೊಂದು ಪ್ರಯತ್ನಕ್ಕೆ ಅವಕಾಶ ಉಳಿಯಿತು. ಸೋತರೂ ನಿಭಾಯಿಸಬಲ್ಲಷ್ಟು ಪ್ರಮಾಣದಲ್ಲಿ ಪ್ರಯತ್ನಿಸುವುದೇ ಈ ನಿದರ್ಶನದ ಸಾರ.

(ಸುರಂಗ ಅಗೆಯುವುದು ಅಪಾಯದ ಕೆಲಸ. ಮಣ್ಣು ಕುಸಿಯಬಹುದು, ಒಳಗೆ ಗಾಳಿ ಸಾಲದೆ ಉಸಿರು ಕಟ್ಟಬಹುದು. ನುರಿತವರ ಸಹಾಯವಿಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು.)

ಕೊಳೆರೋಗದ ಪಾಠ

ಇಂದು ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣದ ಸಿಂಪಡಣೆ ದಿನಬಳಕೆಯ ಮಾತು. ಆದರೆ ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಮಲೆನಾಡಿನಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸುವುದು ರೂಢಿಯಲ್ಲಿತ್ತು. ಕೆನಡಾ ದೇಶದವರಾದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಅಧ್ಯಯನ ಮಾಡಿ, 1910ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ವೇಳೆಗೆ ಬಳಕೆಗೆ ಬಂದಿದ್ದ ಮೈಲುತುತ್ತು-ಸುಣ್ಣದ ದ್ರಾವಣ ಮಳೆಯ ಮಲೆನಾಡಿನ ಎತ್ತರದ ಅಡಿಕೆ ಮರಕ್ಕೂ ಉಪಯೋಗವಾಗುವುದೆಂದು ತೋಟಗಳಲ್ಲಿಯೇ ಸಿಂಪಡಿಸಿ ತೋರಿಸಲಾಯಿತು.

ಈಗ 1 ಕಿ.ಗ್ರಾಂ ಮೈಲುತುತ್ತು, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣ ತೋಟದ ಮಕ್ಕಳಿಗೂ ಬಾಯಿಪಾಠ. ಮುಂಗಾರಿಗೆ ಮೊದಲು ಒಮ್ಮೆ, 40-45 ದಿನಗಳ ನಂತರ ಇನ್ನೊಮ್ಮೆ ಸಿಂಪಡಿಸುತ್ತಾರೆ. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಬಣ್ಣ ಕಂಡರೆ ಇನ್ನಷ್ಟು ಸುಣ್ಣ ಬೇಕು. ದ್ರಾವಣದ ವಿಷಯದಲ್ಲಿ ಕತ್ತಿ ಅದ್ದಿ ನೋಡುವ ರೈತನು, ತನ್ನ ಅಳುಕಿನ ವಿಷಯದಲ್ಲಿಯೂ ಹಾಗೆಯೇ ನೋಡಬಾರದೇಕೆ?

ನಂಬಿಕೆ ಬಲಿಯುವ ನಾಲ್ಕು ದಾರಿಗಳು

‘ಈ ಕೆಲಸ ನನ್ನಿಂದಾದೀತು’ ಎಂಬ ನಂಬಿಕೆ ಹೇಗೆ ಬೆಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಅವರು ಹೇಳಿದ ನಾಲ್ಕು ಮೂಲಗಳು ಹೀಗಿವೆ:

1. ಸ್ವಂತ ಅನುಭವ: ತಾನೇ ಮಾಡಿ ಯಶಸ್ಸು ಕಂಡದ್ದು. ಇದೇ ಎಲ್ಲಕ್ಕಿಂತ ಬಲವಾದುದು.

2. ತನ್ನಂತಹವರನ್ನು ನೋಡುವುದು: 50 ಎಕರೆಯ ತೋಟ ನೋಡಿ ಬಂದ ಸಣ್ಣ ರೈತನು ‘ಅವರಿಗೆ ಆಗುತ್ತದೆ, ನಮಗಲ್ಲ’ ಎಂದುಕೊಳ್ಳುತ್ತಾನೆ. ತನ್ನಷ್ಟೇ ಭೂಮಿಯವನು ಮಾಡಿದ್ದನ್ನು ನೋಡಿದರೆ ಮಾತ್ರ ಮನಸ್ಸು ತಿರುಗುತ್ತದೆ.

3. ನಂಬಿಕಸ್ಥರ ಮಾತು: ಹಿರಿಯರು, ಸ್ನೇಹಿತರು, ಅಧಿಕಾರಿಗಳು ಹುರಿದುಂಬಿಸುವುದು. ಇದು ಕೆಲಸ ಪ್ರಾರಂಭಿಸಲು ಸಾಕು, ಮುಂದುವರಿಸಲು ಸಾಲದು.

4. ದೇಹ ಮತ್ತು ಮನಸ್ಸಿನ ಸ್ಥಿತಿ: ಸಾಲದ ಚಿಂತೆ, ನಿದ್ರೆಗೇಡು, ದಣಿವು ಇರುವಾಗ ಚಿಕ್ಕ ಕೆಲಸವೂ ಬೆಟ್ಟದಂತೆ ಕಾಣುತ್ತದೆ. ದೊಡ್ಡ ನಿರ್ಧಾರಗಳಿಗೆ ಅದು ಸಮಯವಲ್ಲ.

ಅಮೆರಿಕದ ಅಯೋವ ರಾಜ್ಯದಲ್ಲಿ ಸಂಕರಣ ಮುಸುಕಿನ ಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬವರು ಅಭ್ಯಸಿಸಿ 1943ರಲ್ಲಿ ಪ್ರಕಟಿಸಿದರು. ಅವರು ಅಭ್ಯಸಿಸಿದ 259 ರೈತರಲ್ಲಿ ಇಬ್ಬರನ್ನುಳಿದು ಎಲ್ಲರೂ 1928ರಿಂದ 1941ರೊಳಗೆ ಹೊಸ ಬೀಜವನ್ನು ಬಳಸತೊಡಗಿದರು. ಆದರೆ ಮೊದಲ ವರ್ಷವೇ ಹೊಲವನ್ನೆಲ್ಲ ಅದಕ್ಕೆ ಮೀಸಲಿಡಲಿಲ್ಲ. ಸ್ವಲ್ಪ ಜಾಗದಲ್ಲಿ ಬಿತ್ತಿ, ನೋಡಿ, ಮುಂದಿನ ವರ್ಷಗಳಲ್ಲಿ ಹೆಚ್ಚಿಸಿದರು. ನೆರೆಯವರ ಅನುಭವ ಅವರಿಗೆ ಹೆಚ್ಚಿನ ಭರವಸೆ ಕೊಟ್ಟಿತ್ತು. ರೈತನು ಎಲ್ಲಿಯವನಾದರೂ ಕಲಿಯುವ ದಾರಿ ಒಂದೇ.

ಪರೀಕ್ಷೆ ಮಾಡುವ ಕ್ರಮ

1. ‘ಆಗದು’ ಎಂಬ ಮಾತನ್ನು ಪೂರ್ತಿಯಾಗಿ ಬರೆಯಬೇಕು. ಏನು ಆಗದು? ಏಕೆ ಆಗದು? ಇದನ್ನು ಯಾರು, ಯಾವಾಗ ಮಾಡಿ ನೋಡಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲವಾದರೆ ಅದು ಪರೀಕ್ಷೆಯಾಗದ ಮಾತು.

2. ಪರೀಕ್ಷೆಯನ್ನು ಚಿಕ್ಕದಾಗಿ ಮಾಡಬೇಕು. 5 ಸೆಂಟ್ಸ್ ಗದ್ದೆ, 10 ಅಡಿಕೆ ಮರ, 5 ಗೇರು ಗಿಡ ಸಾಕು. ಪೂರ್ತಿ ಕೈಬಿಟ್ಟುಹೋದರೂ ಮನೆಯ ಖರ್ಚಿಗೆ ಧಕ್ಕೆಯಾಗಬಾರದು. ಮೊದಲ ಪರೀಕ್ಷೆಗೆ ಸಾಲ ಮಾಡಬಾರದು.

3. ಪಕ್ಕದಲ್ಲಿಯೇ ಹಳೆಯ ಕ್ರಮದ ಅಷ್ಟೇ ಜಾಗವನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು.

4. ಖರ್ಚು, ಆಳುಗಳ ಸಂಖ್ಯೆ, ಇಳುವರಿ ಈ ಮೂರನ್ನೂ ಗುರುತು ಹಾಕಬೇಕು. ಬರೆಯಲು ಬಾರದಿದ್ದರೆ ಗೋಡೆಯ ಮೇಲೆ ಮಸಿಯಿಂದ ಗೆರೆ ಎಳೆದರೂ ಲೆಕ್ಕವೇ.

5. ಫಲ ಬರುವ ಮೊದಲೇ, ಎಷ್ಟು ಬಂದರೆ ಯಶಸ್ಸು ಎಂದು ನಿಗದಿ ಮಾಡಿಕೊಳ್ಳಬೇಕು. ಇಲ್ಲವಾದರೆ ಅಳುಕಿನ ಮನಸ್ಸು ಯಶಸ್ಸನ್ನೂ ‘ಈ ಸಲ ಅದೃಷ್ಟ’ ಎಂದು ತಳ್ಳಿಹಾಕುತ್ತದೆ.

6. ವಿಫಲವಾದರೆ ಬೀಜವೇ, ಸಮಯವೇ, ನೀರೇ, ಕ್ರಮವೇ ಎಂದು ಕಾರಣವನ್ನು ಹುಡುಕಿ, ಒಂದನ್ನು ಬದಲಿಸಿ ಮತ್ತೆ ನೋಡಬೇಕು. ಎರಡು ಮೂರು ಸಲ ಸರಿಯಾಗಿ ನೋಡಿದ ಮೇಲೂ ಆಗದಿದ್ದರೆ, ಅದು ಪರೀಕ್ಷೆಗೊಳಗಾದ ‘ಆಗದು’. ಅದನ್ನು ಸಂಕೋಚವಿಲ್ಲದೆ ಬಿಡಬಹುದು.

ಕೆಲವು ಉದಾಹರಣೆಗಳು

‘ಗುಡ್ಡದಲ್ಲಿ ಏನೂ ಆಗದು’: ಮುಂಗಾರು ಪ್ರಾರಂಭದಲ್ಲಿ 7.5 ಮೀಟರ್ ಅಂತರದಲ್ಲಿ 5 ಗೇರು ಕಸಿ ಗಿಡಗಳನ್ನು ನೆಡಬೇಕು. ಗಟ್ಟಿ ಮುರಕಲ್ಲಿದ್ದರೆ ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ ಇರಲಿ. ಕಸಿಗಂಟಿನ ಕೆಳಗೆ ಬರುವ ಚಿಗುರನ್ನು ತೆಗೆಯುತ್ತಿರಬೇಕು. ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಹಾಕಿ, ಮೇಲಿನಿಂದ ಬರುವ ನೀರು ಇಂಗುವಂತೆ ಮಾಡಿ, ಬುಡಕ್ಕೆ ಸೊಪ್ಪು ಮುಚ್ಚಬೇಕು. ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದವು ಎಂದು ಎಣಿಸಿದರೆ ಉತ್ತರ ಸಿಗುತ್ತದೆ.

‘ಯಂತ್ರದ ನಾಟಿ ನಮ್ಮ ಗದ್ದೆಗೆ ಹೊಂದದು’: ಆಳುಗಳ ಅಭಾವದಿಂದ ಕರಾವಳಿಯಲ್ಲಿ ಅನೇಕ ಗದ್ದೆಗಳು ಹಡಿಲು ಬಿದ್ದಿವೆ. ಒಂದು ಗದ್ದೆಗೆ ಮಾತ್ರ ಚಾಪೆ ನೇಜಿ ತಯಾರಿಸಿ, 15-20 ದಿನಗಳ ನೇಜಿಯನ್ನು ಬಾಡಿಗೆ ಯಂತ್ರದಿಂದ ನೆಟ್ಟು ನೋಡಬಹುದು. ಹೂತುಹೋಗುವ ಕೆಸರಿನ ಬೈಲು ಗದ್ದೆಗೆ ಯಂತ್ರ ಇಳಿಯದೆ ಇರಬಹುದು, ಮಜಲಿಗೆ ಚೆನ್ನಾಗಿ ಹೊಂದಬಹುದು. ಆಗ ‘ನಮ್ಮ ಗದ್ದೆಗೆ ಆಗದು’ ಎಂಬ ಮಾತು ‘ಈ ಎರಡು ಗದ್ದೆಗೆ ಆಗದು, ಉಳಿದವಕ್ಕೆ ಆದೀತು’ ಎಂದು ಬದಲಾಗುತ್ತದೆ. ಇಷ್ಟು ಬದಲಾದರೂ ಅದೊಂದು ದೊಡ್ಡ ಲಾಭ.

‘ಹೆಂಗಸರಿಂದ ಮರ ಏರುವುದಾಗದು’: ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಪ್ರಾರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯಲ್ಲಿ ಮಹಿಳೆಯರೂ ಯಂತ್ರದ ಸಹಾಯದಿಂದ ಮರ ಏರಲು ಕಲಿತರು. ಮೊದಲ ದಿನವೇ ಯಾರೂ ತುದಿ ಮುಟ್ಟಬೇಕಾಗಿಲ್ಲ. ನೆಲದಿಂದ ನಾಲ್ಕು ಅಡಿ ಏರಿ ಇಳಿಯುವುದರಿಂದಲೇ ಅಭ್ಯಾಸ ಪ್ರಾರಂಭವಾಗಬೇಕು. ಕೈಕಾಲು ಕಲಿತ ಹಾಗೆಲ್ಲ ಅಳುಕು ಇಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಒಪ್ಪದ ರೈತನನ್ನು ಸೋಮಾರಿ, ಹಳೆಯ ಕಾಲದವನು ಎಂದು ಕರೆಯಬಾರದು. ಆತನ ‘ಆಗದು’ ಎಂಬ ಮಾತಿನ ಹಿಂದೆ ಹಿಂದೊಮ್ಮೆ ಅನುಭವಿಸಿದ ನಷ್ಟ ಇರಬಹುದು. ಮೊದಲು ಅದನ್ನು ಪೂರ್ತಿ ಕೇಳಬೇಕು. ಸಲಹೆಗೆ ತಕ್ಕ ನಿಜವಾದ ಅಡಚಣೆ ಇದ್ದರೆ ಸಲಹೆಯನ್ನೇ ಬದಲಿಸಬೇಕು.

ಪ್ರಾತ್ಯಕ್ಷಿಕೆಯನ್ನು ಅಧಿಕಾರಿಗಳು ಮಾಡಿ ರೈತರು ನೋಡುವುದಕ್ಕಿಂತ, ರೈತರು ಮಾಡಿ ಅಧಿಕಾರಿಗಳು ಪಕ್ಕದಲ್ಲಿ ನಿಲ್ಲುವುದು ಮೇಲು. ಬೀಜ, ಗೊಬ್ಬರ, ಆಳು ಎಲ್ಲವನ್ನೂ ಇಲಾಖೆಯೇ ಒದಗಿಸಿದ ಪ್ರಾತ್ಯಕ್ಷಿಕೆಯ ಯಶಸ್ಸನ್ನು ರೈತನು ಇಲಾಖೆಯ ಯಶಸ್ಸೆಂದು ತಿಳಿಯುತ್ತಾನೆ, ತನ್ನದೆಂದು ತಿಳಿಯುವುದಿಲ್ಲ. ಕ್ಷೇತ್ರ ಭೇಟಿಗೆ ಹೋಗುವಾಗ ಭೇಟಿ ಮಾಡುವವರಷ್ಟೇ ಜಮೀನು ಇರುವವರ ತೋಟವನ್ನು ಆರಿಸಬೇಕು. ಅಲ್ಲಿ ಬಂದ ಫಲವನ್ನಷ್ಟೇ ಅಲ್ಲದೆ, ಕೈಕೊಟ್ಟ ಪ್ರಯತ್ನಗಳನ್ನೂ ಅವರಿಂದಲೇ ಹೇಳಿಸಬೇಕು. ಸೋಲದೆ ಗೆದ್ದವರ ಕಥೆಗಿಂತ ಸೋತು ಗೆದ್ದವರ ಕಥೆ ಸಣ್ಣ ರೈತನಿಗೆ ಹತ್ತಿರವಾಗುತ್ತದೆ.

ಸಲಹೆಗಾಗಿ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಇವು ಈ ಭಾಗದ ರೈತರಿಗೆ ಹತ್ತಿರದಲ್ಲಿವೆ. ‘ದೊಡ್ಡ ಕಛೇರಿಗೆ ಹೋಗಿ ಮಾತನಾಡಲು ನಮ್ಮಿಂದಾಗದು’ ಎಂಬುದೂ ಪರೀಕ್ಷಿಸಬೇಕಾದ ಮಾತುಗಳಲ್ಲಿ ಒಂದು. ಮೊದಲ ಸಲ ನೆರೆಯವರೊಬ್ಬರ ಜೊತೆಗೆ, ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು.

ಚರ್ಚೆಗೆ ಪ್ರಶ್ನೆಗಳು

ರೈತರ ಚರ್ಚಾಕೂಟಗಳಲ್ಲಿ ಮತ್ತು ಸ್ವಸಹಾಯ ಸಂಘಗಳಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು.

1. ನಮ್ಮ ಊರಿನಲ್ಲಿ ಎಲ್ಲರೂ ‘ಆಗದು’ ಎನ್ನುವ ಮೂರು ವಿಷಯಗಳು ಯಾವುವು? ಅವುಗಳಲ್ಲಿ ಪರೀಕ್ಷೆಯಾದುವು ಎಷ್ಟು?

2. ಹತ್ತು ವರ್ಷಗಳ ಹಿಂದೆ ‘ಆಗದು’ ಎನ್ನುತ್ತಿದ್ದು, ಈಗ ಎಲ್ಲರೂ ಮಾಡುತ್ತಿರುವ ಕೆಲಸ ಯಾವುದು? ಅದನ್ನು ಮೊದಲು ಮಾಡಿದವರು ಯಾರು?

3. ಬರುವ ಹಂಗಾಮಿನಲ್ಲಿ ಪ್ರತಿಯೊಬ್ಬರೂ ಒಂದು ಚಿಕ್ಕ ಪರೀಕ್ಷೆ ಮಾಡುವುದಾದರೆ, ಯಾವುದನ್ನು ಆರಿಸಿಕೊಳ್ಳುತ್ತಾರೆ? ಅದು ಪೂರ್ತಿ ಕೈಕೊಟ್ಟರೆ ಆಗುವ ನಷ್ಟ ಎಷ್ಟು?

ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು, ಕೊಯ್ಲಿನ ನಂತರದ ಸಭೆಯಲ್ಲಿ ಒಂದೊಂದಾಗಿ ಓದಿ ನೋಡಬೇಕು. ಎಲ್ಲರ ಪರೀಕ್ಷೆಯೂ ಯಶಸ್ವಿಯಾಗಲಾರದು. ಆದರೆ ಊರಿನ ‘ಆಗದು’ಗಳಲ್ಲಿ ಯಾವುದು ನಿಜ, ಯಾವುದು ಬರಿಯ ಮಾತು ಎಂಬುದು ಅಂದು ಲೆಕ್ಕದ ಸಮೇತ ಎಲ್ಲರಿಗೂ ತಿಳಿದಿರುತ್ತದೆ.